ಐವತ್ತು ಹೆಜ್ಜೆ ಮೊದಲೇ ನಿಲ್ಲುವ ಕುದುರೆ

೧೯೪೩ನೇ ಇಸವಿಯಲ್ಲಿ ನಾನು ವಿಜಾಪುರದಲ್ಲಿ, ಗೋಳಗುಮ್ಮಟದ ಹಿಂದಿನ ಬಯಲಿಗೆ ಹೊಂದಿಕೊಂಡಿದ್ದ ಒಂದು ಖಾಸಗಿ ಪಾಗಾದಲ್ಲಿ ಚಾಬೂಕಸ್ವಾರನಾಗಿದ್ದೆ. ಪಾಗಾ ಎಂದರೆ ಕುದುರೆ ಲಾಯ. ಚಾಬೂಕಸ್ವಾರ ಎಂದರೆ ಕುದುರೆ ಪಳಗಿಸುವವನು. ಹೆಸರಿನಲ್ಲಿ ಚಾಬೂಕು, ಅಂದರೆ ಚಾವಟಿ, ಇದ್ದರೂ ಅದನ್ನು ನಾನು ಕೈಯಲ್ಲಿ ಹಿಡಿದದ್ದು ಕಡಿಮೆ. ಅದು ಯುದ್ಧದ ಕಾಲ. ಪೆಟ್ರೋಲು ರೇಶನ್ ಆಗಿ, ಮೋಟಾರು ಇಟ್ಟುಕೊಂಡವರೂ ಅದನ್ನು ಮನೆಯ ಮುಂದೆ ನಿಲ್ಲಿಸಿ ಮತ್ತೆ ಕುದುರೆ ಹತ್ತಿದ್ದರು. ಹೀಗಾಗಿ ಕುದುರೆಗೆ ಕಲಿಸುವುದರ ಜೊತೆಗೆ ಸವಾರರಿಗೆ ಕಲಿಸುವ ಕೆಲಸವೂ ನನ್ನ ಪಾಲಿಗೆ ಬಂತು. ಎಲ್ಲರೂ ನನ್ನನ್ನು ಮಾಸ್ತರ ಎಂದು ಕರೆಯುತ್ತಿದ್ದರು.

ನನಗೊಂದು ಅಭ್ಯಾಸವಿತ್ತು, ಈಗಲೂ ಇದೆ. ಪಾಗಾಕ್ಕೆ ಬಂದ ಪ್ರತಿ ಕುದುರೆಗೂ ಒಂದು ವಹಿ. ಮುಂಜಾನೆ ಎಷ್ಟು ಹುರುಳಿ ತಿಂದಿತು, ಎಷ್ಟು ನೀರು ಕುಡಿಯಿತು, ಯಾವ ಕಾಲು ಮೊದಲು ಎತ್ತಿತು, ಎಲ್ಲಿ ಬೆದರಿತು, ಆಗ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಲ್ಲವನ್ನೂ ಅಂದಂದೇ ಬರೆದಿಡುವುದು. ನನ್ನ ಹೆಂಡತಿ ಇದನ್ನು ಕಂಡು, “ನನ್ನ ಜ್ವರಾ ಯಾವಾಗ ಬಂದಿತ್ತು ಅಂತ ಕೇಳಿದ್ರ ನಿಮಗ ನೆನಪಿಲ್ಲ, ಕುದುರಿ ಕೆಮ್ಮಿದ್ದು ನೆನಪೈತಿ” ಎನ್ನುತ್ತಿದ್ದಳು. ಈ ಅನುಭವವನ್ನು ನಾನು ಇವತ್ತು ತಪ್ಪಿಲ್ಲದೆ ಹೇಳಲು ಸಾಧ್ಯವಾಗುತ್ತಿರುವುದು ಆ ವಹಿಯಿಂದಲೇ.

ಆ ವರ್ಷ ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಬಬಲೇಶ್ವರದ ಡಾಕ್ಟರ್ ವಾಮನರಾಯರು ಪಾಗಾಕ್ಕೆ ಬಂದರು. ಮೂವತ್ತು ದಾಟಿದ ವಯಸ್ಸು. ಹುಟ್ಟಿದ್ದು ಕಾಖಂಡಕಿಯಲ್ಲಿ, ಹೊರಗೆ ಓದಿ ಬಂದು ಬಬಲೇಶ್ವರದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದರು. ಸುತ್ತಲಿನ ಹಳ್ಳಿಗಳಿಗೆ ಕುದುರೆಯ ಮೇಲೆಯೇ ಹೋಗಿಬರುತ್ತಿದ್ದರು. ಆದರೆ ಅಂದು ಅವರು ಕುದುರೆಯ ಮೇಲೆ ಬಂದಿರಲಿಲ್ಲ. ಹದಿನೈದು ಮೈಲಿಯಷ್ಟು ದಾರಿಯನ್ನು ಲಗಾಮು ಹಿಡಿದು ನಡೆದೇ ಬಂದಿದ್ದರು. ಕುದುರೆ ಮೊಣಕಾಲಿನವರೆಗೆ ಧೂಳಾಗಿತ್ತು, ಅವರೂ ಅಷ್ಟೇ.

“ಏನಾಗೈತ್ರಿ ಇದಕ್ಕ?” ಎಂದೆ.

“ಇದಕ್ಕೇನೂ ಆಗಿಲ್ಲ ಮಾಸ್ತರ. ಇದು ನಿಂತ ಮನ್ಯಾಗ ಮಂದಿ ಸಾಯ್ಲಿಕ್ಕೆ ಹತ್ಯಾರ.”

ನಾನು ನಗಲು ಹೋಗಿ, ಅವರ ಮುಖ ನೋಡಿ, ಲಗಾಮನ್ನು ನನ್ನ ಕೈಗೆ ತೆಗೆದುಕೊಂಡೆ.

ಅದು ಮೈನಾ ಎಂಬ ಹೆಸರಿನ ಹೆಣ್ಣು ಕುದುರೆ. ಬೂದು ಬಣ್ಣದ ಭೀಮಥಡಿ ತಳಿ. ಗಿಡ್ಡ ಮೈ, ಗಟ್ಟಿ ಗೊರಸು, ದೊಡ್ಡ ಕಣ್ಣು. ಎಂಟು ತಿಂಗಳ ಹಿಂದೆ ಡಾಕ್ಟರರು ಅದನ್ನು ತಿಕೋಟಾದ ಒಂದು ಮನೆಯಿಂದ ಕೊಂಡಿದ್ದರು. ಅವರು ಹೇಳಿದ್ದು ಇಷ್ಟು: ಮೈನಾ ರೋಗಿಯ ಮನೆಗೆ ಹೋಗುವಾಗ ಕೆಲವು ಸಲ ಮನೆ ಇನ್ನೂ ಐವತ್ತು ಹೆಜ್ಜೆ ದೂರವಿರುವಂತೆಯೇ ತಾನಾಗಿ ನಿಂತುಬಿಡುತ್ತದೆ. ನಿಂತು, ಕುತ್ತಿಗೆಯನ್ನು ನಿಧಾನವಾಗಿ ನೆಲದವರೆಗೆ ಇಳಿಸುತ್ತದೆ, ಯಾರಿಗೋ ಮಣಿಯುವ ಹಾಗೆ. ಹಿಮ್ಮಡಿಯಿಂದ ಎಷ್ಟು ಒತ್ತಿದರೂ ಕದಲುವುದಿಲ್ಲ. ಹಾಗೆ ನಿಂತದ್ದು ಇದುವರೆಗೆ ಏಳು ಮನೆಗಳ ಮುಂದೆ. ಏಳೂ ಮನೆಗಳಲ್ಲಿ ಸಾವಾಗಿದೆ. ನಿಲ್ಲದೆ ಬಾಗಿಲಿಗೆ ಹೋದ ಮನೆಗಳಲ್ಲಿ ರೋಗಿಗಳು ಎದ್ದು ಕೂತಿದ್ದಾರೆ.

“ಈಗ ಮಂದಿ ನನ್ನ ಮಾರಿ ನೋಡೂದ ಬಿಟ್ಟಾರ. ಕುದುರಿ ಕಾಲ ನೋಡ್ತಾರ. ನಿಂತ್ರ ಬಾಗಲಾ ಹಾಕ್ಕೋತಾರ. ಒಳಗ ರೋಗಿ ಇರತಾನ, ನಾನು ಹೊರಗ ಔಷಧ ಹಿಡಕೊಂಡು ನಿಂತಿರತೀನಿ.”

ಒಂಬತ್ತು ದಿನ ಮೈನಾ ನನ್ನ ಹತ್ತಿರ ಉಳಿಯಿತು. ಮೊದಲು ಹಲ್ಲು, ಕಣ್ಣು, ಕಿವಿ, ಬೆನ್ನು, ನಾಲ್ಕು ಗೊರಸು ನೋಡಿದೆ, ದೋಷವಿಲ್ಲ. ಕುದುರೆ ತಾನಾಗಿ ನಿಲ್ಲುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ: ನೋವು, ಭಯ, ಇಲ್ಲವೇ ಹಿಂದೆ ಯಾರೋ ಕಲಿಸಿದ ಪಾಠ. ನೋವಿರಲಿಲ್ಲ. ಭಯವಿದೆಯೇ ಎಂದು ತಿಳಿಯಲು ಊರೆಲ್ಲ ತಿರುಗಿಸಿದೆ. ವಿಜಾಪುರದಲ್ಲಿ ಗೋರಿಗಳಿಗೇನು ಕೊರತೆ? ಹಾಳುಬಿದ್ದ ಗುಮ್ಮಟಗಳ ನೆರಳಿನಲ್ಲಿ, ಸುಡುಗಾಡಿನ ದಾರಿಯಲ್ಲಿ, ಒಮ್ಮೆ ಹೊತ್ತುಕೊಂಡು ಹೊರಟ ಹೆಣದ ಹಿಂದೆಯೇ ನಡೆಸಿದೆ. ಮೈನಾ ಎಲ್ಲಿಯೂ ನಿಲ್ಲಲಿಲ್ಲ. ವಹಿಯಲ್ಲಿ ಒಂಬತ್ತು ದಿನವೂ ಒಂದೇ ಸಾಲು: ‘ನಿಲ್ಲಲಿಲ್ಲ.’

ಆದರೆ ಮೂರನೆಯ ದಿನದ ಪುಟದ ಅಂಚಿನಲ್ಲಿ ಬೇರೊಂದು ಮಾತು ಇದೆ. ಹತ್ತಿ ಕೂತ ಗಳಿಗೆಯಿಂದ ಇಳಿಯುವವರೆಗೆ ಮೈನಾಳ ಎರಡೂ ಕಿವಿ ಹಿಂದಕ್ಕೆ, ನನ್ನ ಕಡೆಗೆ ತಿರುಗಿರುತ್ತಿದ್ದವು. ಸಿಟ್ಟಿಗೆದ್ದ ಕುದುರೆಯ ಕಿವಿ ತಲೆಗೆ ಅಂಟಿಕೊಳ್ಳುತ್ತದೆ, ಇದು ಹಾಗಲ್ಲ. ಕೇಳಿಸಿಕೊಳ್ಳುವ ಕಿವಿ. ನಾನು ಮಾತಾಡುತ್ತಿರಲಿಲ್ಲ, ಆದರೂ ಅದು ಕೇಳಿಸಿಕೊಳ್ಳುತ್ತಿತ್ತು. ಆ ದಿನ ಬಯಲಿನಲ್ಲಿ ಸುತ್ತು ಹಾಕುವಾಗ, ಮನೆಯಲ್ಲಿ ಮಗುವಿಗೆ ಮೈ ಬಿಸಿಯಾಗಿದ್ದು ನೆನಪಾಯಿತು. ಲಗಾಮು ಮುಟ್ಟಿರಲಿಲ್ಲ, ಕಾಲು ಒತ್ತಿರಲಿಲ್ಲ. ಮೈನಾ ತಾನಾಗಿ ನಮ್ಮ ಓಣಿಯ ಕಡೆಗೆ ತಿರುಗಿತು. ಇಪ್ಪತ್ತು ವರ್ಷ ಕುದುರೆಯ ಬೆನ್ನ ಮೇಲೆ ಕಳೆದವನು ನಾನು. ಆದರೂ ಅಂದು ನಾನು ಬೆಚ್ಚಿದೆ. ಯಾರದೋ ಮನೆಗೆ ಹೋಗಿ ಕೂತಿರುವಾಗ ಅವರು ನಮ್ಮ ಮನಸ್ಸಿನಲ್ಲಿದ್ದದ್ದನ್ನು ಬಾಯಿ ಬಿಟ್ಟು ಹೇಳಿದರೆ ಹೇಗಾಗುತ್ತದೆಯೋ ಹಾಗೆ.

ಕುದುರೆಯೊಂದನ್ನೇ ನೋಡಿ ಪ್ರಯೋಜನವಿಲ್ಲ, ಸವಾರನನ್ನೂ ಕೂಡಿಸಿ ನೋಡಬೇಕು ಎಂದು ನಿರ್ಧರಿಸಿ, ಎಂಟು ದಿನದ ಬುತ್ತಿ ಕಟ್ಟಿಸಿಕೊಂಡು ನನ್ನ ಗಂಡುಕುದುರೆ ಹತ್ತಿ, ಮೈನಾಳನ್ನೂ ಹಿಡಿದುಕೊಂಡು ಬಬಲೇಶ್ವರಕ್ಕೆ ಹೋದೆ.

ಮರುದಿನ ಮುಂಜಾನೆ ಡಾಕ್ಟರರು ಮೈನಾ ಹತ್ತಿದರು, ನಾನು ಹಿಂದೆ. ಬೀಸುವ ಹೊತ್ತು. ಓಣಿಯ ತುಂಬ ಬೀಸುಕಲ್ಲಿನ ಸದ್ದು, ಜೊತೆಗೆ ಹೆಂಗಸರ ಹಾಡು. ಮೈನಾಳ ಗೊರಸಿನ ಸಪ್ಪಳ ಓಣಿಯ ಬಾಯಿಗೆ ತಲುಪಿದ್ದೇ ತಡ, ಮೊದಲ ಮನೆಯ ಬೀಸುಕಲ್ಲು ನಿಂತಿತು. ಬಳಿಕ ಎರಡನೆಯದು. ನಾವು ಮುಂದೆ ಸಾಗಿದಂತೆ ಒಂದೊಂದೇ ನಿಲ್ಲುತ್ತ ಹೋಯಿತು. ದಾಟಿ ಹೋದ ಮೇಲೆ ಹಿಂದಿನಿಂದ ಒಂದೊಂದೇ ಶುರುವಾಯಿತು. ಯಾರೂ ಹೊರಗೆ ಬರಲಿಲ್ಲ. ಕಿಟಕಿಗಳ ಹಿಂದೆ ಬಳೆಗಳು ಮಾತ್ರ ಮಿಸುಕಿದವು. ಡಾಕ್ಟರರು ಒಮ್ಮೆ ತಿರುಗಿ, “ಕೇಳಿದ್ರೇನು?” ಎಂದರು. ಅವರ ದನಿಯಲ್ಲಿ ದೂರಿಗಿಂತ ನಾಚಿಕೆ ಹೆಚ್ಚಿತ್ತು.

ಎರಡು ಮನೆಗಳಿಗೆ ಮೈನಾ ಸರಾಗವಾಗಿ ಹೋಯಿತು. ಒಂದು ಕಡೆ ಕುರುವು, ಇನ್ನೊಂದು ಕಡೆ ಕಿವಿನೋವು. ಮೂರನೆಯದು ಮೈಯೆಲ್ಲ ಬಾತುಕೊಂಡು ಮಲಗಿದ್ದ ಒಬ್ಬ ನೇಕಾರ ಮುದುಕನ ಮನೆ. ಓಣಿಯ ತಿರುವಿನಲ್ಲಿ ಅವನ ಬಾಗಿಲು ಕಂಡಿತು. ಮೈನಾ ನಾಲ್ಕು ಹೆಜ್ಜೆ ನಡೆದು ನಿಂತುಬಿಟ್ಟಿತು. ಕುತ್ತಿಗೆ ಇಳಿಯತೊಡಗಿತು. ಎಳೆಯ ಹುಲ್ಲು ಕಂಡು ಬಾಗುವ ಕುದುರೆ ಚುರುಕಾಗಿ ಬಾಗುತ್ತದೆ. ಇದು ಬಾವಿಗೆ ಹಗ್ಗ ಇಳಿಬಿಟ್ಟ ಹಾಗೆ, ಸಾವಕಾಶ, ಸಮ. ಮೂಗು ಮಣ್ಣಿಗೆ ತಾಗುವಷ್ಟರಲ್ಲಿ ನಿಂತಿತು. ಮುದುಕನ ಮನೆಯ ಬಾಗಿಲು ಒಳಗಿನಿಂದ ಮುಚ್ಚಿಕೊಂಡಿತು. ನಾನು ಇಳಿದು ಅಳೆದೆ: ಐವತ್ತೆರಡು ಹೆಜ್ಜೆ. ಆಗ ಡಾಕ್ಟರರು ಬಲಗಾಲು ಇಡುವ ಕಬ್ಬಿಣದ ಬಳೆ, ರಿಕಾಬು, ಖಾಲಿಯಾಗಿ ತೂಗುತ್ತಿದ್ದುದನ್ನು ಕಂಡೆ. ಕುದುರೆ ನಿಂತ ಮೇಲೆ ಇಳಿಯಲೆಂದು ಕಾಲು ತೆಗೆದಿರಬೇಕು ಎಂದುಕೊಂಡೆ. ಆದರೂ ಬರೆದಿಟ್ಟೆ. ಮುದುಕ ಆರನೆಯ ದಿನ ತೀರಿಕೊಂಡ.

ನೇಕಾರನ ಮನೆಗೆ ಹೋಗಿ ಎರಡು ದಿನವಾದ ಮೇಲೆ ಕಾಖಂಡಕಿಯ ಒಬ್ಬ ರೋಗಿಯ ಮನೆಗೆ ಹೋದಾಗ ನಾನು ಹಿಂದೆ ಉಳಿಯದೆ ಅವರ ಬಲಕ್ಕೆ ಬಂದು, ಮನೆ ಜನ ಎಲ್ಲ ಬಿಟ್ಟು ಅವರ ಬಲಗಾಲಿನ ಬೂಟು ಒಂದನ್ನೇ ನೋಡುತ್ತ ನಡೆದೆ. ಅಂದೂ ಮೈನಾ ನಿಂತಿತು. ಆದರೆ ನಿಲ್ಲುವುದಕ್ಕೆ ನಾಲ್ಕು ಹೆಜ್ಜೆ ಮೊದಲೇ ಬೂಟಿನ ಹಿಮ್ಮಡಿ ಎದ್ದಿತ್ತು; ಕಾಲು ರಿಕಾಬಿನಿಂದ ಸದ್ದಿಲ್ಲದೆ ಹೊರಗೆ ಬಂದಿತ್ತು. ಡಾಕ್ಟರರ ಮುಖದಲ್ಲಿ ಅದರ ಸುಳಿವೇ ಇರಲಿಲ್ಲ. ಅವರ ಕಾಲು ಅವರದಲ್ಲವೆಂಬಂತೆ, ಬೇರೆ ಯಾರೋ ಕೆಳಗೆ ನಿಂತು ಮೆಲ್ಲಗೆ ಬಿಡಿಸಿಕೊಟ್ಟಂತೆ ಇತ್ತು. ನಾನು ಅಂದು ಅವರಿಗೆ ಏನೂ ಹೇಳಲಿಲ್ಲ. ಅರ್ಧ ಗೊತ್ತಾದದ್ದನ್ನು ಸವಾರನಿಗೆ ಹೇಳಿದರೆ ಅವನು ಕೆಡುತ್ತಾನೆ.

ಮರುದಿನ ತಿಕೋಟಾಕ್ಕೆ ಹೋಗಿ, ಮೈನಾಳನ್ನು ಮಾರಿದ ಹುಸೇನಸಾಬನನ್ನು ಕಂಡೆ. ಅದು ಅವನ ತಂದೆ ಹತ್ತಿರ ಹತ್ತಿರ ಒಂಬತ್ತು ವರ್ಷ ಹತ್ತಿದ ಕುದುರೆ. ತಂದೆ ತೀರಿಕೊಂಡ ಮೇಲೆ ಹತ್ತುವವರಿಲ್ಲದೆ ಮಾರಿದ್ದರು. ಚಹಾ ಕೊಟ್ಟು, ಮೈನಾ ಹೇಗಿದೆ ಎಂದು ಮನೆಯ ಮಗಳನ್ನು ಕೇಳಿದ ಹಾಗೆ ಕೇಳಿದ.

“ನಿಮ್ಮ ತಂದಿಯವರು ಇಳಿಯೂದು ಹೆಂಗಿತ್ತರಿ?” ಎಂದೆ.

“ಅಬ್ಬಾಂದು ಬಲ ಮೊಣಕಾಲ ಮುರದಿತ್ತರಿ ಮಾಸ್ತರ. ಎಲ್ಲಾರಂಗ ಜಿಗದು ಇಳಿಯಾಕ ಬರತಿರಲಿಲ್ಲ. ಮೊದಲ ಬಲಗಾಲ ರಿಕಾಬದಾಗಿಂದ ತಗೀತಿದ್ರು. ಅಷ್ಟ ಸಾಕು, ಮೈನಾ ನಿಂತು ಕುತ್ತಿಗಿ ಇಳಸ್ತಿತ್ತು. ಜೂಲ ಹಿಡಕೊಂಡು ಜಾರತಿದ್ರು. ಲಗಾಮಕ್ಕ ಕೈ ಹಚ್ಚತಿರಲಿಲ್ಲ. ಅವರು ಕೆಳಗ ನಿಂತು ಕೋಲು ಊರೂ ತನಕಾ ಹಂದತಿರಲಿಲ್ಲ ಅದು.”

“ಇದನ್ನ ಡಾಕ್ಟರಗ ಯಾಕ ಹೇಳಲಿಲ್ಲೋ ಮಾರಾಯಾ?”

“ಹೇಳೂದೇನೈತ್ರಿ? ನಮಗ ಅದು ಮಾಮೂಲಿ. ಕುದುರಿ ನಾಕ ಕಾಲಿಂದ ನಡಿತೈತಿ ಅಂತ ಯಾರರ ಹೇಳ್ತಾರೇನ್ರಿ?”

ಅರ್ಧ ಸಿಕ್ಕಿತು. ಉಳಿದರ್ಧ ಡಾಕ್ಟರರ ಹತ್ತಿರವೇ ಇತ್ತು. ಅಂದು ಸಂಜೆ ದವಾಖಾನೆಯ ಕಟ್ಟೆಯ ಮೇಲೆ ಕೂತು, ಕಂಡದ್ದನ್ನೆಲ್ಲ ವಹಿಯಿಂದ ಓದಿ ಹೇಳಿದೆ. ಅವರು ತಮ್ಮ ಬಲಗಾಲನ್ನು ಹೊಸದಾಗಿ ಕಂಡವರಂತೆ ನೋಡಿಕೊಂಡರು.

“ನಾನು ಕಾಲು ತಗೀತೀನಿ ಅನ್ನೂದ ನನಗ ಗೊತ್ತಿಲ್ಲ.”

“ಆ ಮನ್ಯಾಗಿನವರು ಉಳಿಯಂಗಿಲ್ಲ ಅನ್ನೂದು ಗೊತ್ತಿತ್ತೇನ್ರಿ?”

“ಗೊತ್ತಿತ್ತು” ಎಂದರು. ಮತ್ತೆ ತಾವೇ ಹೇಳಿದರು: “ಸಣ್ಣಾಂವ ಇದ್ದಾಗ ನಮ್ಮಪ್ಪ ನನ್ನ ಮುಂದ ಕೂಡಿಸಿಕೊಂಡು ಕುದುರಿ ಮ್ಯಾಲ ಊರೂರು ಕರಕೊಂಡು ಹೋಗ್ತಿದ್ರು. ಸಾವಾದ ಮನಿಗೆ ಮಾತಾಡ್ಸಲಿಕ್ಕೆ ಹೋದ್ರ ಬಾಗಲ ತನಕಾ ಕುದುರಿ ಮ್ಯಾಲ ಹೋಗಬಾರದು, ಐವತ್ತು ಹೆಜ್ಜಿ ಮೊದಲ ಇಳದು ತಲಿ ತಗ್ಗಿಸಿ ನಡದು ಹೋಗಬೇಕು ಅಂತಿದ್ರು. ನಾನು ಮರತರ ತೊಡಿಗೆ ಚಿವುಟತಿದ್ರು. ಬಲ ತೊಡಿಗೆ.”

ಅಷ್ಟೇ ಸಂಗತಿ. ರೋಗಿ ಬದುಕುವುದಿಲ್ಲ ಎಂದು ಡಾಕ್ಟರರ ಒಳಗೆ ತೀರ್ಮಾನವಾಗಿರುತ್ತಿತ್ತು. ಅವರ ಕಣ್ಣಿಗೆ ಅದು ಆಗಲೇ ಸಾವಾದ ಮನೆ. ಐವತ್ತು ಹೆಜ್ಜೆ ದೂರದಲ್ಲಿ, ಅಪ್ಪ ಕಲಿಸಿದ ಕಾಲು ಇಳಿಯಲು ಸಿದ್ಧವಾಗುತ್ತಿತ್ತು. ಬೇರೆ ಯಾವ ಕುದುರೆಯಾದರೂ ಅದನ್ನು ಗಮನಿಸದೆ ನಡೆಯುತ್ತಿತ್ತು. ಮೈನಾಳಿಗೆ ಮಾತ್ರ ಅದು ಒಂಬತ್ತು ವರ್ಷದ ಹುಕುಂ.

ಮನಸ್ಸು ಹಗುರಾಗಬೇಕಿತ್ತು. ಆದರೆ ಡಾಕ್ಟರರು ತಲೆ ಎತ್ತಿ, “ನೀವು ಬರೂಕ ಮೊದಲಿನ ಏಳು ಮನ್ಯಾಗ ಆರಕ್ಕ ಇದು ಖರೆ ಆಗ್ತದ ಮಾಸ್ತರ. ಏಳನೇದು?” ಎಂದರು. ಏಳನೆಯದು ಸಾರವಾಡದ ಒಬ್ಬ ಬಡಿಗ. ಅವನು ರೋಗಿಯೇ ಅಲ್ಲ, ಡಾಕ್ಟರರು ಹೊರಟದ್ದು ಬೇರೆ ಮನೆಗೆ. ಮನೆಯ ಮುಂದೆ ಕೂತು ಚಕ್ಕಡಿಯ ಗಾಲಿ ಮಾಡುತ್ತಿದ್ದ. “ನಕ್ಕೋತ ಕೈ ಎತ್ತಿ ನಮಸ್ಕಾರ ಮಾಡಿದ. ನಾನೂ ನಕ್ಕೆ. ಅಷ್ಟರಾಗ ಕುದುರಿ ನಿಂತಿತ್ತು.” ಮೂರು ದಿನದ ಮೇಲೆ ಬಡಿಗ ಎದೆ ಹಿಡಿದುಕೊಂಡು ಸತ್ತ. ಅವನು ಕೂತ ಬಗೆಯನ್ನೋ ಕೈ ಎತ್ತಿದ ರೀತಿಯನ್ನೋ ಡಾಕ್ಟರರ ಕಣ್ಣು ಕಂಡು, ಅವರಿಗೆ ತಿಳಿಸದೆ ಕಾಲಿಗೆ ತಿಳಿಸಿತ್ತೇ? ನಾನು ಎಷ್ಟು ಸಲ ಯೋಚಿಸಿದರೂ ಇದಕ್ಕಿಂತ ಆಚೆ ಹೋಗಲಾರೆ. ವಹಿಯಲ್ಲಿ ಆರು ಮನೆಗಳ ಎದುರಿಗೆ ಕಾರಣ ಬರೆದಿದ್ದೇನೆ, ಏಳನೆಯದರ ಎದುರಿಗೆ ಜಾಗ ಖಾಲಿ ಇದೆ.

ಇನ್ನು ಉಪಾಯ. ಮೈನಾಳಿಗೆ ಆ ಪಾಠ ಮರೆಸಬಹುದಿತ್ತು, ಆದರೆ ಒಂಬತ್ತು ವರ್ಷದ ಕಲಿಕೆ ಅಳಿಸಲು ಆರು ತಿಂಗಳಾದರೂ ಬೇಕು. ಸವಾರನನ್ನು ತಿದ್ದುವುದು ಬೇಗ. ದವಾಖಾನೆಯ ಹಿತ್ತಲಲ್ಲಿ ದಿನಾ ಮುಂಜಾನೆ ಒಂದು ತಾಸು ಲಂಜಿಂಗ್ ಪಾಠ ಶುರುಮಾಡಿದೆ. ಲಂಜಿಂಗ್ ಎಂದರೆ ಕುದುರೆಗೆ ಉದ್ದನೆಯ ಹಗ್ಗ ಕಟ್ಟಿ, ಕಲಿಸುವವನು ನಡುವೆ ನಿಂತು ವೃತ್ತದಲ್ಲಿ ತಿರುಗಿಸುವುದು. ಸವಾರನಿಗೆ ಲಗಾಮಿನ ಚಿಂತೆ ಇರುವುದಿಲ್ಲ, ತನ್ನ ಸೀಟ್, ಅಂದರೆ ಕೂತ ಭಂಗಿ, ಒಂದನ್ನೇ ನೋಡಿಕೊಳ್ಳಬಹುದು. ಮೊದಲು ನನ್ನ ಗಂಡುಕುದುರೆಯ ಮೇಲೆ, ರಿಕಾಬೇ ಇಲ್ಲದೆ ವಾಕ್, ಅಂದರೆ ನಡಿಗೆ, ಬಳಿಕ ಟ್ರಾಟ್, ಅಂದರೆ ಸಣ್ಣ ಓಟ. ಡಾಕ್ಟರರು ಹೆದರಿದಾಗ ಉಸಿರು ಹಿಡಿಯುತ್ತಿದ್ದರು. ಉಸಿರು ಹಿಡಿದರೆ ತೊಡೆ ಬಿಗಿಯುತ್ತದೆ, ತೊಡೆ ಬಿಗಿದರೆ ಹಿಮ್ಮಡಿ ಏಳುತ್ತದೆ. ಅದಕ್ಕೆ ನನ್ನಪ್ಪನ ಕಾಲದ ಮದ್ದು ಒಂದಿತ್ತು: ಎರಡೂ ಮೊಣಕಾಲು ಮತ್ತು ಜೀನಿನ ನಡುವೆ ಒಂದೊಂದು ತೆಳ್ಳನೆಯ ಕಡಕ್ ರೊಟ್ಟಿ ಇಡುವುದು. ಬಿಗಿದರೆ ಮುರಿಯುತ್ತದೆ, ಸಡಿಲ ಬಿಟ್ಟರೆ ಬೀಳುತ್ತದೆ. ಮುರಿಯದೆ ಬೀಳದೆ ಹತ್ತು ಸುತ್ತು ಹಾಕಿದರೆ ಆ ದಿನದ ಪಾಠ ಮುಗಿಯಿತು.

ಮೊದಲ ವಾರ ಹಿತ್ತಲ ತುಂಬ ರೊಟ್ಟಿಯ ಚೂರು. ಬುತ್ತಿ ತೀರಿ ನಾನು ಮನೆಗೆ ಹೋದಾಗ ಹೆಂಡತಿ ಬುಟ್ಟಿಯ ತಳ ನೋಡಿ, “ಇಷ್ಟೂ ನೀವ ತಿಂದ್ರೇನು?” ಎಂದಳು. ನಿಜ ಹೇಳಿದೆ. “ಯವ್ವಾ, ಮಂದಿಗೆ ಜ್ವಾಳ ಸಿಗವಲ್ದು, ನೀವು ಡಾಕ್ಟರನ ಮೊಣಕಾಲಿಗೆ ರೊಟ್ಟಿ ಉಣಸಾಕತ್ತೀರಿ!” ಎಂದು ಬೈದಳು. ಬೈಯುತ್ತಲೇ ಮತ್ತೊಂದು ಕಟ್ಟು ಬಡಿದುಕೊಟ್ಟಳು.

ಹದಿನಾಲ್ಕನೆಯ ದಿನದ ಹೊತ್ತಿಗೆ ರೊಟ್ಟಿ ಉಳಿಯತೊಡಗಿತ್ತು. ಆದರೆ ಹಿತ್ತಲಲ್ಲಿ ಉಳಿಯುವುದು ಬೇರೆ, ಸಾವಿನ ಮನೆಯ ಮುಂದೆ ಉಳಿಯುವುದು ಬೇರೆ. ಅದರ ಪರೀಕ್ಷೆ ನಾವು ಕರೆಯದೆಯೇ ಬಂತು.

ಹದಿನಾರನೆಯ ದಿನ ಬೆಳಿಗ್ಗೆ ಸಾರವಾಡದಿಂದ ಬಸಪ್ಪ ಎಂಬ ರೈತ ಬಂದ. ಅವನ ಹೆಂಡತಿ ಗೌರವ್ವನಿಗೆ ಹೆರಿಗೆಯಾಗಿ ಒಂಬತ್ತು ದಿನ, ಜ್ವರ ಬಂದು ಆರು ದಿನ. ಎರಡು ದಿನದಿಂದ ಬಡಬಡಿಸುತ್ತಿದ್ದಾಳೆ. ಡಾಕ್ಟರರು ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕನೆಯ ಉತ್ತರಕ್ಕೆ ಅವರ ಮುಖ ಬಿಗಿಯಿತು. ಬಾಣಂತಿ ಜ್ವರ. ಯುದ್ಧದ ದಿನಗಳಲ್ಲಿ ಸುಲಭಕ್ಕೆ ಸಿಗದ ಸಲ್ಫಾ ಗುಳಿಗೆ ಅವರ ಹತ್ತಿರ ಒಂದು ಸೀಸೆ ಇತ್ತು. ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದರು.

ಬಸಪ್ಪ ಏಳಲಿಲ್ಲ. ನೆಲ ನೋಡುತ್ತ ಹೇಳಿದ: “ನಮ್ಮವ್ವ ಒಂದ್ ಮಾತ ಹೇಳ್ಯಾಳ್ರಿ. ಕುದುರಿ ಮ್ಯಾಲ ಬರ್ರಿ ಅಂದಾಳ. ಬಾಗಲಕ್ಕ ಬಂದ್ರ ಒಳಗ ಬರ್ರಿ. ಮೊದಲ ನಿಂತ್ರ ಹಂಗ ಹೊಳ್ಳಿ ಹೋಗ್ರಿ. ಸಾಯಾಕಿಗೆ ಚುಚ್ಚಿ ಮಾಡಿ ಕಾಡೂದು ಬ್ಯಾಡ, ಸುಮ್ನ ಹೋಗ್ಲಿ ಅಂತಾಳ್ರಿ.”

“ನಾನು ನಡಕೋತ ಬರ್ತೀನಿ ನಡಿ.”

“ನಡಕೋತ ಬಂದ್ರ ಬಾಗಲಾ ತಗಿಯಂಗಿಲ್ರಿ ಆಕಿ. ಡಾಕ್ಟರಗ ಗೊತ್ತಾಗೈತಿ, ಅದಕ್ಕ ಕುದುರಿ ಮುಚ್ಚಿಟ್ಟು ಬಂದಾನ ಅಂತಾಳ.”

ಹೀಗೆ ಇಪ್ಪತ್ತು ವರ್ಷದ ಒಂದು ಹೆಣ್ಣುಮಗಳು ಔಷಧ ಕಾಣುವುದೋ ಇಲ್ಲವೋ ಎಂಬುದು ಡಾಕ್ಟರರ ಬಲ ಹಿಮ್ಮಡಿಯ ಮೇಲೆ ನಿಂತಿತು. ಜೀನು ಬಿಗಿಯುವಾಗ ಅವರು ನನ್ನ ಹತ್ತಿರ ಬಂದು, “ಕಾಲು ರಿಕಾಬಕ್ಕ ಕಟ್ಟಿಬಿಡ್ರಿ” ಎಂದರು. ಒಪ್ಪಲಿಲ್ಲ. ಬಿದ್ದರೆ ಕುದುರೆ ಎಳೆದುಕೊಂಡು ಹೋಗುತ್ತದೆ; ಅದೂ ಅಲ್ಲದೆ ಕಾಲು ಕಟ್ಟಿದರೂ ಮೈಯ ಭಾರ ಸರಿಯುತ್ತದೆ, ಮೈನಾಳಿಗೆ ಅಷ್ಟು ಸಾಕು.

“ಆಕಿ ಉಳಿಯೂದು ಕಠಿಣ ಅದ ಮಾಸ್ತರ. ನನಗ ಗೊತ್ತದ. ಗೊತ್ತಿದ್ದದ್ದು ಹೆಂಗ ಬಿಡ್ಲಿ?”

“ಗೊತ್ತಿರೂದು ತಲಿ ಕೆಲಸಾರಿ. ಕಾಲಿಗ್ಯಾಕ ಹೇಳ್ತೀರಿ? ಬಾಗಲಾ ನೋಡಬ್ಯಾಡ್ರಿ, ಮಾಳಿಗಿ ಮ್ಯಾಲ ಏನರ ಇದ್ರ ಅದನ್ನ ನೋಡ್ರಿ. ಉಸಿರು ಹೊರಗ ಬಿಡೂದಷ್ಟ ನಿಮ್ಮ ಕೆಲಸ, ಒಳಗ ತಾನ ಬರತೈತಿ.”

ಒಂದು ತಾಸಿನ ದಾರಿ. ಜೋಳದ ಹೊಲಗಳಲ್ಲಿ ಗಾಳಿ ಇರಲಿಲ್ಲ. ಸಾರವಾಡದ ಓಣಿ ಹೊಕ್ಕಾಗ ಅಲ್ಲಿಯ ಬೀಸುಕಲ್ಲುಗಳು ಮೊದಲೇ ನಿಂತಿದ್ದವು, ಊರವರು ನಮಗಾಗಿ ಕಾಯುತ್ತಿದ್ದರು. ಎರಡೂ ಬದಿಗೆ ಜನ ಗೋಡೆಗೆ ಒತ್ತಿ ನಿಂತಿದ್ದರು, ಆದರೆ ಮೈನಾ ನಿಲ್ಲುವ ಜಾಗ ಎಲ್ಲರಿಗೂ ಬಾಯಿಪಾಠವಾಗಿತ್ತು. ಅಲ್ಲಿಂದ ಬಸಪ್ಪನ ಬಾಗಿಲಿನವರೆಗೆ ಒಬ್ಬರೂ ಇರಲಿಲ್ಲ. ಖಾಲಿ ನೆಲ. ಅದರ ತುದಿಯಲ್ಲಿ ಹೊಸ್ತಿಲ ಮೇಲೆ ಬಸಪ್ಪನ ತಾಯಿ ನೀಲವ್ವ, ಬಾಗಿಲ ಕದದ ಮೇಲೆ ಒಂದು ಕೈ ಇಟ್ಟುಕೊಂಡು ನಿಂತಿದ್ದಳು.

ಖಾಲಿ ನೆಲದ ಅಂಚು ಬಂತು. ನಾನು ಬಲಕ್ಕೆ, ಎರಡು ಮಾರು ಹಿಂದೆ. ಮೈನಾಳ ಕಿವಿಗಳು ಹಿಂದಕ್ಕೆ ತಿರುಗಿದವು. ಹೆಜ್ಜೆ ಸಣ್ಣದಾಯಿತು. ನಾನು ಬೂಟು ನೋಡಿದೆ. ಹಿಮ್ಮಡಿ ಏಳುತ್ತಿತ್ತು. ಹದಿನೈದು ದಿನದ ರೊಟ್ಟಿಗಳೆಲ್ಲ ಸುಳ್ಳಾಗಿ, ಕಾಲು ರಿಕಾಬಿನಲ್ಲಿ ಬೆರಳ ತುದಿಯಷ್ಟೇ ಉಳಿದಿತ್ತು. ಮೈನಾಳ ಕುತ್ತಿಗೆ ಒಂದು ಗೇಣು ಇಳಿಯಿತು. ಗೋಡೆಯ ಬದಿಯಲ್ಲಿ ಯಾರೋ ಹೆಂಗಸು ‘ಶಿವನ’ ಎಂದಳು. ನೀಲವ್ವನ ಕೈಯಲ್ಲಿ ಕದ ಮಿಸುಕಿತು.

ಆಗ ಡಾಕ್ಟರರು, ನಾನು ಹೇಳಿಕೊಡದ ಕೆಲಸವೊಂದನ್ನು ಮಾಡಿದರು. ಮಾಳಿಗೆ ನೋಡಲಿಲ್ಲ. ನೇರ ಮುದುಕಿಯನ್ನು ನೋಡಿ, ದವಾಖಾನೆಯಲ್ಲಿ ಕೂಗುವ ದನಿಯಲ್ಲಿ ಕೂಗಿದರು:

“ನೀಲವ್ವಾ! ನೀರು ಕಾಸೀಯೇನು? ಎರಡು ಕೊಡ ಬೇಕು ನನಗ! ಒಂದು ಹಳೇ ಧೋತರ ಹರದು ಕುದಿಯಾಕ ಹಾಕು! ಕೂಸು ಯಾರ ಹತ್ರ ಅದ?”

ಮುದುಕಿ ಬೆಚ್ಚಿ, “ಒಂದ ಕೊಡ ಇಟ್ಟೇನ್ರೋ ಯಪ್ಪಾ! ಇನ್ನೊಂದು ಇಡತೇನಿ!” ಎಂದು ಕದ ಬಿಟ್ಟು ಒಳಗೆ ತಿರುಗಿದಳು.

ಕೂಗಿನೊಂದಿಗೆ ಡಾಕ್ಟರರ ಎದೆಯ ಉಸಿರೆಲ್ಲ ಹೊರಗೆ ಹೋಗಿತ್ತು. ತೊಡೆ ಸಡಿಲಾಗಿ, ಹಿಮ್ಮಡಿ ತನ್ನ ಭಾರಕ್ಕೆ ತಾನೇ ಕೆಳಗಿಳಿಯಿತು. ಮೈನಾ ಒಂದು ಕಾಲು ಎತ್ತಿ, ಗಳಿಗೆ ಹೊತ್ತು ಹಾಗೇ ಹಿಡಿದು, ಮುಂದಿಟ್ಟಿತು. ಮತ್ತೊಂದು ಹೆಜ್ಜೆ. ಯಾರೂ ಕಾಲಿಡದ ಆ ಮಣ್ಣಿನ ಮೇಲೆ ಗೊರಸಿನ ಒಂದೊಂದು ಸದ್ದೂ ಬೇರೆ ಬೇರೆಯಾಗಿ ಕೇಳಿಸಿತು. ನಾನು ಎಣಿಸುತ್ತ ಹೋದೆ. ನಲವತ್ತೊಂಬತ್ತಕ್ಕೆ ಮೈನಾಳ ಮೂಗು ಬಾಗಿಲಿನ ಚೌಕಟ್ಟಿಗೆ ತಾಗಿತು. ನಾನು ಅಲ್ಲಿಯವರೆಗೂ ಉಸಿರು ಹಿಡಿದಿದ್ದೆ ಎಂಬುದು, ನನ್ನ ಕುದುರೆ ದಾರಿಯಲ್ಲೇ ನಿಂತುಬಿಟ್ಟಿದ್ದನ್ನು ನೋಡಿದ ಮೇಲೆ ತಿಳಿಯಿತು. ನೀಲವ್ವ ಹೊರಗೆ ಬಂದು ಮೈನಾಳ ಹಣೆಯ ಮೇಲೆ ಕೈ ಇಟ್ಟು, “ಬಂದ್ಯಾ ನನ್ನವ್ವಾ” ಎಂದಳು. ಡಾಕ್ಟರರು ಅವಳನ್ನು ದಾಟಿಕೊಂಡು ಒಳಗೆ ಹೋಗಿದ್ದರು.

ಅವರು ಐದು ದಿನ ಸಾರವಾಡದಲ್ಲೇ ಉಳಿದರು. ನಾಲ್ಕು ತಾಸಿಗೊಮ್ಮೆ ಗುಳಿಗೆ. ಮೂರನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಗೌರವ್ವ ಕೂಸನ್ನು ಕೇಳಿ ಇಸಿದುಕೊಂಡಳು. ಆಕೆ ಬದುಕುವುದಿಲ್ಲ ಎಂದು ಡಾಕ್ಟರರಿಗೆ ‘ಗೊತ್ತಿದ್ದದ್ದು’ ಸುಳ್ಳಾಗಿತ್ತು. ಹಿಂದಿನ ಮನೆಗಳಲ್ಲಿ ಅವರಿಗೆ ಗೊತ್ತಿದ್ದದ್ದರಲ್ಲಿ ಎಷ್ಟು ನಿಜ, ಬಾಗಿಲು ಮುಚ್ಚಿದ್ದರಿಂದ ನಿಜವಾದದ್ದು ಎಷ್ಟು, ಎಂದು ಅವರೂ ಕೇಳಿಕೊಂಡಿರಬೇಕು. ನಾನು ಕೇಳಲಿಲ್ಲ.

ಆ ಮೇಲೆ ಮೈನಾ ಎಲ್ಲ ಬಾಗಿಲಿಗೂ ಹೋಗತೊಡಗಿತು. ಓಣಿಗಳಲ್ಲಿ ಬೀಸುಕಲ್ಲು ನಿಲ್ಲುವುದು ತಪ್ಪಿತು. ನನ್ನ ಕೆಲಸ ಮುಗಿಯಿತೆಂದು ವಹಿ ಮುಚ್ಚಿದೆ. ಆದರೆ ಅದು ಮುಗಿದಿರಲಿಲ್ಲ ಎಂದು ಬೇಸಿಗೆಯ ಹೊತ್ತಿಗೆ ತಿಳಿಯಿತು. ಕಾಖಂಡಕಿಯಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಮೈನಾ ನಾಲ್ಕು ಸಲ ಅವರ ಬಾಗಿಲಿಗೆ ಹೋಗಿತ್ತು. ದಿನಕರ್ಮ ಮುಗಿದ ಮೇಲೆ ಅವರ ಮಗ ದವಾಖಾನೆಗೆ ಬಂದು ಡಾಕ್ಟರರ ಮುಂದೆ ನಿಂತ. ಅಂದು ನಾನೂ ಅಲ್ಲಿದ್ದೆ. ಸಿಟ್ಟು ಮಾಡಲಿಲ್ಲ ಅವನು, ಅದೇ ಕಷ್ಟವಾದದ್ದು.

“ಕುದುರಿ ಬಾಗಲಕ್ಕ ಬಂತಲ್ರಿ ಅಂತ ನಂಬಿ ಕುಂತ್ವಿ. ಅಕ್ಕನ್ನ ಸೊಲ್ಲಾಪುರದಿಂದ ಕರಸಲಿಲ್ಲ. ಅಪ್ಪ ಆಕಿ ಹೆಸರ ಹಿಡದ ಹೋದ. ಮೊದಲ ಕುದುರಿ ಖರೇ ಹೇಳತಿತ್ತರಿ. ಈಗ ಅದೂ ಹೇಳೂದ ಬಿಡ್ತು. ನೀವಾದರ ಹೇಳಬೇಕಿತ್ತಲ್ರಿ.”

ಡಾಕ್ಟರರು ಕುರ್ಚಿಯಿಂದ ಎದ್ದರು. “ತಪ್ಪಾತು” ಎಂದರು. ಅಂದಿನಿಂದ ಅವರು, ಕಠಿಣ ಕಂಡ ಮನೆಯಲ್ಲಿ ರೋಗಿಯನ್ನು ನೋಡಿ ಹೊರಗೆ ಬಂದು, ಮನೆಯ ಹಿರಿಯರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು, ತಮಗೆ ಏನು ಅನ್ನಿಸುತ್ತದೆ, ತಾವು ಏನು ಮಾಡುತ್ತೇವೆ, ಯಾರನ್ನು ಕರೆಸಬೇಕು ಎಂದು ಬಾಯಿಬಿಟ್ಟು ಹೇಳತೊಡಗಿದರು. ಅದು ಅವರಿಗೆ ರೊಟ್ಟಿಯ ಪಾಠಕ್ಕಿಂತ ಕಠಿಣವಾಗಿತ್ತು ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದುಂಟು.

ಆಮೇಲೆ ನೂರಾರು ಮಂದಿಗೆ ಸವಾರಿ ಕಲಿಸಿದೆ. ಬೆನ್ನು ನೆಟ್ಟಗೆ, ಹಿಮ್ಮಡಿ ಕೆಳಗೆ, ಉಸಿರು ಹೊರಗೆ ಎಂದು ಈಗಲೂ ಹೇಳುತ್ತೇನೆ. ಸವಾರ ತನ್ನ ಮೈಯನ್ನು ಸುಮ್ಮನಿರಿಸಲು ಕಲಿಯಲೇಬೇಕು, ಇಲ್ಲವಾದರೆ ಅವನ ಭಯವೇ ಕುದುರೆಗೆ ಹುಕುಂ ಆಗುತ್ತದೆ. ಆದರೆ ಮೈಯನ್ನು ಸುಮ್ಮನಿರಿಸಿದವನು ಬಾಯಿಯನ್ನೂ ಸುಮ್ಮನಿರಿಸಿದರೆ, ಅವನ ಮಾತಿಗೆ ಕಾದು ಕೂತ ಮನೆಯವರಿಗೆ ಕತ್ತಲೆಯೇ ಗತಿ. ಇದನ್ನು ನಾನು ಕಲಿತದ್ದು ಕುದುರೆಯಿಂದಲ್ಲ, ತಂದೆಯನ್ನು ಕಳೆದುಕೊಂಡು ಬಂದು ಸಿಟ್ಟಿಲ್ಲದೆ ಮಾತಾಡಿದ ಆ ಮಗನಿಂದ.